ರ‍್ಯಾಮ್ ಹಾಕುವ ಮುಂಚೆ ಒಂದು ಹಾಳೆ

ಹಳೆಯ ಲೇಸರ್ ಪ್ರಿಂಟರ್ ಅರ್ಧ ಪುಟ ಅಚ್ಚು ಹಾಕಿ ಉಳಿದರ್ಧವನ್ನು ಮುಂದಿನ ಹಾಳೆಗೆ ದೂಡಿತೆಂದರೆ, ಉಡುಪಿಯ ಡಿಟಿಪಿ ಕೇಂದ್ರವಿರಲಿ, ಕಾರ್ಕಳದ ಝೆರಾಕ್ಸ್ ಅಂಗಡಿಯಿರಲಿ, ಮೊದಲು ಕೇಳಿಬರುವ ಮಾತು ‘ಮೆಮೊರಿ ಸಾಲದು, ರ‍್ಯಾಮ್ ಹಾಕಿಸಿ’ ಎಂಬುದೇ. ಈ ಸಲಹೆ ಪೂರ್ತಿ ಸುಳ್ಳಲ್ಲ. ಸುಳ್ಳಲ್ಲದ ಕಾರಣಕ್ಕೇ ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ರ‍್ಯಾಮ್ ಏರಿಸುವುದು ರಿಪೇರಿಯ ಕೊನೆಯ ಹೆಜ್ಜೆಯಾಗಬೇಕು. ಅದನ್ನೇ ಮೊದಲ ಹೆಜ್ಜೆ ಮಾಡಿಕೊಂಡಿರುವ ರೂಢಿಯಿಂದ ಗಿರಾಕಿಯ ದುಡ್ಡೂ ಹೋಗುತ್ತದೆ, ಇನ್ನೂ ಹತ್ತು ವರ್ಷ ದುಡಿಯಬಲ್ಲ ಯಂತ್ರವೂ ಗುಜರಿಗೆ ಹೋಗುತ್ತದೆ ಎಂಬುದು ನನ್ನ ವಾದ.

ಮೆಮೊರಿಯ ಕೊರತೆ ನಿಜವಾಗಿ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಎ4 ಪುಟವನ್ನು ಇಂಚಿಗೆ 600 ಚುಕ್ಕೆಗಳಂತೆ ಬಿಡಿಸಿದರೆ ಸುಮಾರು ಮೂರೂವರೆ ಕೋಟಿ ಚುಕ್ಕೆಗಳಾಗುತ್ತವೆ. ಅಂದರೆ ನಾಲ್ಕು ಎಂಬಿಗಿಂತ ತುಸು ಹೆಚ್ಚು. 300 ಚುಕ್ಕೆಗಿಳಿಸಿದರೆ ಒಂದು ಎಂಬಿಯ ಆಸುಪಾಸು. 1992ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ 4ರಲ್ಲಿ ಮೂಲತಃ ಇದ್ದುದು 2 ಎಂಬಿ. ಹಾಗಾಗಿ ಅದು ಪುಟವನ್ನು ಪಟ್ಟಿಪಟ್ಟಿಯಾಗಿ ತಯಾರಿಸಿ ಡ್ರಮ್ಮಿಗೆ ಕೊಡುತ್ತಿತ್ತು. ಡ್ರಮ್ ಒಮ್ಮೆ ತಿರುಗಿತೆಂದರೆ ನಡುವೆ ನಿಲ್ಲದು. ಮುಂದಿನ ಪಟ್ಟಿ ಹೊತ್ತಿಗೆ ಸರಿಯಾಗಿ ಸಿದ್ಧವಾಗದಿದ್ದರೆ ಪುಟ ಅಲ್ಲಿಗೇ ತುಂಡಾಗುತ್ತದೆ. ಆ ಸಾಲಿನ ಯಂತ್ರಗಳು ಇದನ್ನು ಬೇರೆಬೇರೆ ಸಂಖ್ಯೆಗಳಲ್ಲಿ ಹೇಳುತ್ತವೆ: 20 ಬಂದರೆ ಜಾಗ ಸಾಲಲಿಲ್ಲ, 21 ಬಂದರೆ ಪುಟ ತೊಡಕಾಗಿ ಹೊತ್ತು ಸಾಲಲಿಲ್ಲ, 53ರಿಂದ ಶುರುವಾದರೆ ಹಾಕಿದ ರ‍್ಯಾಮಿನಲ್ಲೇ ತೊಂದರೆ. ಮೂರನ್ನೂ ‘ಮೆಮೊರಿ ಪ್ರಾಬ್ಲಮ್’ ಎಂದು ಒಂದೇ ಬುಟ್ಟಿಗೆ ಹಾಕುವುದರಲ್ಲಿಯೇ ರೋಗಪತ್ತೆ ದಾರಿ ತಪ್ಪುತ್ತದೆ.

ನಮ್ಮ ಕಡೆಯ ಪುಟಗಳಿಗೆ ಅವುಗಳದೇ ಭಾರವಿದೆ. ಕೊರಿಯರ್, ಟೈಮ್ಸ್ ಥರದ ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನ ಹೊಟ್ಟೆಯಲ್ಲೇ ಇರುತ್ತವೆ. ಕೆ. ಪಿ. ರಾವ್ ಅವರು ಕನ್ನಡವನ್ನು ಕೀಲಿಮಣೆಗೆ ಒಗ್ಗಿಸಿದರೂ ಪ್ರಿಂಟರ್ ತಯಾರಕರು ಅದನ್ನು ಯಂತ್ರದೊಳಗೆ ಇಡಲಿಲ್ಲ. ನುಡಿ, ಬರಹ, ಶ್ರೀಲಿಪಿ ಯಾವ ತಂತ್ರಾಂಶದಲ್ಲಿ ಬರೆದರೂ ಅಕ್ಷರರೂಪಗಳು ಪ್ರತಿಸಲ ಕಂಪ್ಯೂಟರಿನಿಂದಲೇ ಹೋಗಬೇಕು. ಆದರೂ ಬರೀ ಕನ್ನಡ ಪಠ್ಯದಿಂದ ಯಂತ್ರ ಸೋಲುವುದು ಅಪರೂಪ. ಸೋಲಿಸುವುದು ಬ್ರಹ್ಮಕಲಶೋತ್ಸವದ ಕರಪತ್ರ: ಹಿನ್ನೆಲೆಗೆ ತೆಳುವಾಗಿ ದೇವಸ್ಥಾನದ ಚಿತ್ರ, ಅಕ್ಷರಗಳಡಿ ನೆರಳು, ಅಂಚಿನುದ್ದಕ್ಕೂ ಗಣ್ಯರ ಫೋಟೊ. ಒಂದಿಂಚಿನ ಚೌಕದಲ್ಲಿ ಕೂರಿಸಿದ ಮೊಬೈಲ್ ಫೋಟೊ 12 ಮೆಗಾಪಿಕ್ಸೆಲ್ಲಿನದಾದರೆ, ಬಿಚ್ಚಿದಾಗ ಅದೊಂದೇ 36 ಎಂಬಿ ಆಗುತ್ತದೆ. ಆ ಒಂದಿಂಚಿನ ಜಾಗಕ್ಕೆ ಇಂಚಿಗೆ 200 ಪಿಕ್ಸೆಲ್ಲಿನ ಕಪ್ಪುಬಿಳುಪು ಚಿತ್ರ ಧಾರಾಳವಾಯಿತು. ಚಿತ್ರವನ್ನು ಮೊದಲೇ ಕುಗ್ಗಿಸಿ, ನೆರಳನ್ನು ತೆಗೆದರೆ 8 ಎಂಬಿಯ ಹಳೆಯ ಯಂತ್ರದಲ್ಲೇ ಆ ಪುಟ ಹೊರಬರುವ ಸಂಭವ ಹೆಚ್ಚು.

ಇನ್ನು ರ‍್ಯಾಮ್ ಹಾಕಿದ ಮೇಲೂ ತೊಂದರೆ ಉಳಿದರೆ? ಇಲ್ಲಿ ರೂಢಿಯ ದೌರ್ಬಲ್ಯ ಇನ್ನೂ ಚೆನ್ನಾಗಿ ಕಾಣುತ್ತದೆ. ಪಿನ್ನುಗಳ ಸಂಖ್ಯೆ ಹೊಂದಿದ್ದಕ್ಕೇ ರ‍್ಯಾಮ್ ಹೊಂದಿತು ಎಂದುಕೊಳ್ಳುತ್ತಾರೆ. ಲೇಸರ್‌ಜೆಟ್ 4ಕ್ಕೆ 72 ಪಿನ್ನಿನ ಸಿಮ್ ಮಾದರಿಯ ರ‍್ಯಾಮ್ ಬೇಕು. 1200, 1320ಕ್ಕೆ 100 ಪಿನ್ನಿನ ಡಿಮ್. ಆ ನೂರು ಪಿನ್ನಿನಲ್ಲೂ ಇಡಿಒ, ಎಸ್‌ಡಿರ‍್ಯಾಮ್ ಎಂಬ ಎರಡು ಜಾತಿಗಳಿವೆ. 1200ರಲ್ಲಿ 72 ಎಂಬಿಯೇ ಮಿತಿ. 128ರ ಡಿಮ್ ಕೂರಿಸಿ ಬಲವಂತ ಮಾಡಿ ಫಲವಿಲ್ಲ. ಕಾಪುವಿನಂಥ ಕಡಲಂಚಿನ ಊರಿನಲ್ಲಿ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಎರಡೂ ಸಂಪರ್ಕದ ಪಟ್ಟಿಗಳಿಗೆ ಶತ್ರು. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ಅದರ ಪುಡಿ ಸ್ಲಾಟಿನೊಳಗೇ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆ ವಾಸಿ. ಇಷ್ಟೆಲ್ಲ ಸರಿಯಿದ್ದೂ ತಪ್ಪಿಹೋಗುವ ಹೆಜ್ಜೆ ಇನ್ನೊಂದಿದೆ. ವಿಂಡೋಸ್‌ನಲ್ಲಿ ಪ್ರಿಂಟರಿನ ಗುಣಲಕ್ಷಣಗಳೊಳಗೆ ಹೋಗಿ ಮೆಮೊರಿ ಎಷ್ಟೆಂದು ಬದಲಿಸದಿದ್ದರೆ, ಎಷ್ಟೋ ಡ್ರೈವರುಗಳು ಹಳೆಯ ಲೆಕ್ಕವನ್ನೇ ನಂಬಿಕೊಂಡು ಪುಟ ಕಳಿಸುತ್ತವೆ. ಹೊಸ ರ‍್ಯಾಮ್ ಒಳಗಿದ್ದರೂ ಕೆಲಸಕ್ಕೆ ಬಾರದು.

ಮಣಿಪಾಲದಲ್ಲಿ ಪ್ರಾಜೆಕ್ಟ್ ವರದಿಗೆ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತಿರುವಾಗ ಇಷ್ಟು ವಿಚಾರಣೆಗೆ ಪುರುಸೊತ್ತೆಲ್ಲಿ, ಒಂದು ರ‍್ಯಾಮ್ ಸಿಕ್ಕಿಸಿ ನೋಡುವುದೇ ಬೇಗ ಎಂದು ಹೇಳುವವರಿದ್ದಾರೆ. ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ಅದೇ ಕಡತವನ್ನು 300 ಚುಕ್ಕೆಗಿಳಿಸಿ ಒಮ್ಮೆ ಅಚ್ಚು ಹಾಕಲು ಒಂದು ನಿಮಿಷ ಸಾಕು. 300ರಲ್ಲಿ ಬಂದು 600ರಲ್ಲಿ ತುಂಡಾದರೆ ಮೆಮೊರಿಯ ಮೇಲಿನ ಅನುಮಾನಕ್ಕೆ ಆಧಾರ ಸಿಕ್ಕಿತು. ಎರಡರಲ್ಲೂ ಒಂದೇ ಕಡೆ ನಿಂತರೆ ಕಡತವನ್ನೋ ಕೇಬಲನ್ನೋ ನೋಡಬೇಕು. ಪುಟ ಪೂರ್ತಿ ಬಂದು ಬರೀ ಮಸುಕಾಗಿದ್ದರೆ ತೇವ ಹಿಡಿದ ಕಾಗದ, ಟೋನರ್ ಕಡೆ ತಿರುಗಬೇಕೇ ಹೊರತು ರ‍್ಯಾಮಿನ ಕಡೆಗಲ್ಲ.

ಹಳೆಯದನ್ನು ಬಿಸಾಡಿ ಹೊಸದು ತಗೊಳ್ಳಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಟೋನರ್, ಬಿಡಿಭಾಗ ಸಿಗದ ಯಂತ್ರದ ವಿಷಯದಲ್ಲಿ ಅದನ್ನು ಒಪ್ಪಲೇಬೇಕು. ಆದರೆ ಕಡಿಮೆ ಬೆಲೆಯ ಪ್ರಿಂಟರುಗಳಲ್ಲಿ ಹಲವಕ್ಕೆ ರ‍್ಯಾಮ್ ಸ್ಲಾಟೇ ಇಲ್ಲ. ನಮ್ಮ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020 ಎರಡರಲ್ಲೂ ಇರುವುದು 2 ಎಂಬಿ, ಅದನ್ನು ಏರಿಸುವಂತಿಲ್ಲ. ಪುಟ ಸಿದ್ಧಪಡಿಸುವ ಕೆಲಸ ಕಂಪ್ಯೂಟರಿನದು. ಅಂಥವುಗಳ ಮುಂದೆ ನಿಂತು ಪ್ರಿಂಟರಿಗೆ ಮೆಮೊರಿ ಸಾಲದು ಎನ್ನುವುದಕ್ಕೆ ಅರ್ಥವೇ ಇಲ್ಲ. 1320ರಂಥ ಯಂತ್ರವನ್ನಾದರೋ 16ರಿಂದ 144 ಎಂಬಿಗೆ ಏರಿಸಬಹುದು, ಅದನ್ನು ಕಾಗದದ ಮೇಲೆಯೇ ಖಾತ್ರಿ ಮಾಡಿಕೊಳ್ಳಬಹುದು. ರ‍್ಯಾಮ್ ಹಾಕುವ ಮುಂಚೆ ಒಂದು, ಹಾಕಿದ ಮೇಲೆ ಒಂದು ಕಾನ್ಫಿಗರೇಶನ್ ಪುಟ ತೆಗೆದರೆ ಮೆಮೊರಿಯ ಸಾಲಿನಲ್ಲಿ ಸಂಖ್ಯೆ ಬದಲಾಗಿದೆಯೋ ಇಲ್ಲವೋ ಗಿರಾಕಿಗೂ ಕಾಣುತ್ತದೆ. ಬಿಲ್ಲಿನ ಜೊತೆ ಆ ಎರಡು ಹಾಳೆಗಳನ್ನೂ ಪಿನ್ ಮಾಡಿ ಕೊಡುವುದಕ್ಕೆ ಯಾವ ಅಂಗಡಿಗೂ ಕಷ್ಟವಾಗದು.