ಗಿಲೀಟು ಕಂಚಿನ ಫ್ರೆಂಚ್ ದೀಪಗಳು: ಶಿಲ್ಪಮೂಲದ ವಿಚಾರ

ಕರಜಗಿಯನ್ನೊಳಗೊಂಡ ಕಲಬುರಗಿ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಯೂರೋಪಿನ ಅಲಂಕಾರ ಕಲೆಯನ್ನು ಕಣ್ಣಾರೆ ಕಾಣಬಯಸುವ ಈ ಭಾಗದ ವಿದ್ಯಾರ್ಥಿಗೆ, ಆ ಹಳೆಯ ರಾಜಧಾನಿಯಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವೇ ಇಂದಿಗೂ ಹತ್ತಿರದ ಅವಕಾಶ. ಅಲ್ಲಿಯ ಫ್ರೆಂಚ್ ಪೀಠೋಪಕರಣ, ಗಡಿಯಾರ, ಕಂಚಿನ ಮೂರ್ತಿಗಳ ಮುಂದೆ ನಿಂತವರು ಹೊಳಪನ್ನು ಮೆಚ್ಚಿ ಮುಂದೆ ಸಾಗುವರು. ಶಿಲ್ಪವನ್ನು ಕಾಣುವವರು ವಿರಳ.

ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ದೀಪವೊಂದು ಹಲವರ ಕೈದಾಟಿ ಬರುತ್ತಿದ್ದಿತು. ಶಿಲ್ಪಿಯು ಮಣ್ಣಿನಲ್ಲಿಯೋ ಮೇಣದಲ್ಲಿಯೋ ಮಾದರಿಯನ್ನು ರೂಪಿಸುವನು; ಎರಕದವನು ಅದನ್ನು ಕಂಚಿಗಿಳಿಸುವನು; ಚಾಣದ ಕೆಲಸಗಾರನು ಬಟ್ಟೆಯ ನಿರಿಗೆ, ಎಲೆಯ ನರಗಳನ್ನು ತಿದ್ದುವನು; ಕೊನೆಗೆ ಗಿಲೀಟಿನವನು ಪಾದರಸದಲ್ಲಿ ಕಲಸಿದ ಚಿನ್ನವನ್ನು ಬಳಿದು ಬೆಂಕಿಗೆ ಹಿಡಿಯುವನು. ಪಾದರಸವು ಆವಿಯಾಗಿ ಚಿನ್ನ ಉಳಿಯುವುದು. ಆ ವಿಷವನ್ನು ಉಸಿರಾಡಿದವನು ಆತನೇ. ಎರಕದವರ ಸಂಘ ಮತ್ತು ಗಿಲೀಟಿನವರ ಸಂಘ 1776ರವರೆಗೆ ಬೇರೆಬೇರೆಯಾಗಿದ್ದುವು.

ಆದುದರಿಂದ ‘ಕ್ಲೋದಿಯೋನನ ದೀಪ’ ಎಂಬ ಚೀಟಿಯನ್ನು ಸಂಶಯದಿಂದಲೇ ಓದತಕ್ಕದ್ದು. ಕ್ಲೋದಿಯೋನನು (1738–1814) ಸುಟ್ಟಮಣ್ಣಿನ ಶಿಲ್ಪದಲ್ಲಿ ಅದ್ವಿತೀಯನು, ನಿಜ. ಆದರೆ ಆತನ ಶೈಲಿಯ ಮೂರ್ತಿಗಳ ಕೈಗೆ ಮೇಣದಬತ್ತಿಯ ಕವಲುಗಳನ್ನು ಕೊಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಎರಕ ಹೊಯ್ದರು. ಅಂಥವುಗಳಲ್ಲಿ ಶಿಲ್ಪಿಯದು ಭಂಗಿ ಮಾತ್ರ. ಮೈಯ ಕಳೆಯೆಲ್ಲ ಚಾಣದವನದು. ಪಜೂ, ಊದೋನರಲ್ಲಿ ಶಿಲ್ಪವನ್ನು ಕಲಿತು ಕಂಚಿನ ಕೆಲಸಕ್ಕೆ ಬಂದ ತೊಮೀರ್ (1751–1843) ಎರಡನ್ನೂ ಬಲ್ಲವನಾಗಿದ್ದನು. ಆದರೂ ಈ ಪರಂಪರೆಯಲ್ಲಿ ನನಗೆ ಕಾಣುವ ಕೊರತೆಯೊಂದುಂಟು: ಹಿಡಿದ ಬೆಳಕಿಗೂ ಆ ಸುಂದರಿಗೂ ಸಂಬಂಧವಿಲ್ಲ. ಕೈಯಲ್ಲಿ ದೀಪದ ಬದಲು ಹಣ್ಣಿನ ಬುಟ್ಟಿಯನ್ನಿಟ್ಟರೂ ಆಕೆಯ ನಿಲುವು ಬದಲಾಗಬೇಕಿಲ್ಲ.

ನಮ್ಮ ದೀಪಲಕ್ಷ್ಮಿಯ ನಿಲುವು ಹುಟ್ಟುವುದೇ ದೀಪದಿಂದ. ಎದೆಯ ಮಟ್ಟದಲ್ಲಿ ಹಣತೆ ಹಿಡಿದ ಎರಡು ಕೈಗಳಿಗೆ ಇಡೀ ಶರೀರವು ಅಧೀನವಾಗಿರುವುದು. ಮೇಣದ ಅಚ್ಚು ಕರಗಿಹೋಗುವುದರಿಂದ ಪ್ರತಿಯೊಂದು ಎರಕವೂ ಒಂಟಿ. ಈ ವಿಧಾನವನ್ನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿಯೇ ವಿವರಿಸಿದೆ. ಫ್ರೆಂಚ್ ದೀಪವನ್ನು ಕಲೆಯೆಂದೂ ದೀಪಲಕ್ಷ್ಮಿಯನ್ನು ಪೂಜಾಸಾಮಗ್ರಿಯೆಂದೂ ಪಾಠ ಹೇಳುವ ರೂಢಿಗೆ ಆಧಾರವೇನೋ ತಿಳಿಯದು. ತಿರುವಿಡೈಮರುದೂರಿನ ಮಹಾಲಿಂಗಸ್ವಾಮಿ ದೇವಾಲಯದ ದೀಪಲಕ್ಷ್ಮಿಯಂತೂ ಕಲ್ಪಿತ ಸುಂದರಿಯಲ್ಲ. ಇಷ್ಟಪಟ್ಟವನೊಡನೆ ವಿವಾಹವಾಗಲೆಂದು ಲಕ್ಷದೀಪದ ಹರಕೆ ಹೊತ್ತ ತಂಜಾವೂರು ಮರಾಠ ಮನೆತನದ ಸ್ತ್ರೀಯೊಬ್ಬಳು 1853ರಲ್ಲಿ ಅರ್ಪಿಸಿದ, ಆಕೆಯದೇ ಪ್ರತಿಮೆಯದು. ಪೀಠದ ಶಾಸನದಲ್ಲಿ ಎರಕ ಹೊಯ್ದವನ ಹೆಸರೂ ಇದೆ.