ಗಣಕದಲ್ಲಿ ೞಕಾರ

ಹಳಗನ್ನಡದ ಜೈನಕಾವ್ಯಗಳ ಪಾಠವನ್ನು ಗಣಕಕ್ಕೆ ಏರಿಸುವವರು ಎದುರಿಸಬೇಕಾದ ಅಕ್ಷರಗಳಲ್ಲಿ ೞಕಾರವು ವಿಶೇಷ ವಿಮರ್ಶೆಗೆ ಅರ್ಹವಾಗಿದೆ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಆಳ್ ಎಂದರೆ ಪಾಲಿಸು, ಆೞ್ ಎಂದರೆ ಮುಳುಗು. ರೞ, ಕುಳ, ಕ್ಷಳಗಳ ವಿವೇಚನೆಗೆ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕೊಟ್ಟಿರುವ ಸ್ಥಾನವು ಪಂಡಿತರಿಗೆ ವಿದಿತವೇ ಆಗಿದೆ.

ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿಯಲ್ಲಿ ಈ ಅಕ್ಷರಕ್ಕೆ ಸ್ಥಾನವಿಲ್ಲವೆಂಬ ಆಕ್ಷೇಪವು ನಿರಾಧಾರವಾದುದು. 1993ರ 1.1ನೆಯ ಆವೃತ್ತಿಯಲ್ಲಿಯೇ ಅದು ಇದೆ. ಅದರ ದಶಮಾನ ಸಂಖ್ಯೆ 3294. ಆಕೃತಿಯೂ ಸರಿಯಾಗಿದೆ. ದೋಷವಿರುವುದು ಹೆಸರಿನಲ್ಲಿ ಮತ್ತು ನೆಲೆಯಲ್ಲಿ. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’. ಪಂಪ ರನ್ನರ ಅಕ್ಷರಕ್ಕೆ ಪಾರಸಿ ಧ್ವನಿಯ ನಾಮಕರಣ!

ಈ ಪ್ರಮಾದದ ಮೂಲ ಕೋಷ್ಟಕದ ರಚನೆಯನ್ನು ನೋಡಿದರೆ ಊಹೆಗೆ ನಿಲುಕುತ್ತದೆ. ಇಸ್ಕಿಯ 1988ರ ರೂಪವನ್ನು ಅನುಸರಿಸಿ ಭಾರತೀಯ ಲಿಪಿಗಳಿಗೆ 128 ಮನೆಗಳ ಒಂದೊಂದು ವಿಭಾಗವನ್ನು ಕೊಟ್ಟು, ಸಮಾನ ಅಕ್ಷರಗಳನ್ನು ಸಮಾನ ಮನೆಗಳಲ್ಲಿ ಇರಿಸಲಾಗಿದೆ. ನಾಗರಿಯಿಂದ ಕನ್ನಡಕ್ಕೆ ಏಳು ವಿಭಾಗಗಳ, ಅಂದರೆ 896ರ, ಅಂತರ. ನಾಗರಿಯಲ್ಲಿ ೞಕಾರದ ಮನೆ 2356. ತಮಿಳಿನಲ್ಲಿ 2996, ಮಲಯಾಳದಲ್ಲಿ 3380. ಈ ಸಾಲಿನಲ್ಲಿ ಕನ್ನಡಕ್ಕೆ ಸಲ್ಲಬೇಕಾದ 3252 ಇಂದಿಗೂ ಬರಿದಾಗಿದೆ. ಕನ್ನಡದ ೞಕಾರವು ಕುಳಿತಿರುವ 3294, ನಾಗರಿಯ ಚುಕ್ಕೆಯುಳ್ಳ ಫಕಾರದ 2398ಕ್ಕೆ ಸಾಟಿಯಾದ ಮನೆ. ಬಹಳ ತಡವಾಗಿ, 2014ರಲ್ಲಿ, ಸೇರಿದ ತೆಲುಗಿನ ೞಕಾರಕ್ಕೆ ಮಾತ್ರ 3124 ಎಂಬ ಉಚಿತಸ್ಥಾನವೇ ದೊರೆತಿದೆ.

ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು 1996ರ ಎರಡನೆಯ ಆವೃತ್ತಿಯಿಂದ ಅಲ್ಲಿಯ ನಿಯಮ. ಆದಕಾರಣ ತಿದ್ದುಪಡಿಯ ಪರ್ಯಾಯನಾಮವೊಂದನ್ನು ದಾಖಲಿಸಿ ಸುಮ್ಮನಾಗಿದ್ದಾರೆ. ಹೆಸರಿನ ತಪ್ಪು ಪಾಠವನ್ನು ಕೆಡಿಸದು; ಓದುಗನ ಕಣ್ಣಿಗೆ ಅದು ಬೀಳುವುದೇ ಅಪರೂಪ. ನೆಲೆಯ ತಪ್ಪು ಹಾಗಲ್ಲ. 896ನ್ನು ಕಳೆದು ಕನ್ನಡವನ್ನು ನಾಗರಿಗೆ ತಿರುಗಿಸುವ ಸರಳ ಪರಿವರ್ತಕದಲ್ಲಿ ‘ಪೇೞ್’ ಎಂಬುದು ‘ಪೇಫ್’ ಆಗುತ್ತದೆ. ಸಂಖ್ಯಾಕ್ರಮದಂತೆಯೇ ಪದಗಳನ್ನು ಜೋಡಿಸಿದರೆ ೞಕಾರವು ಹಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ ಕಡೆಗೆ ಹೋಗುತ್ತದೆ. ಶಬ್ದಸೂಚಿಯನ್ನು ಸಿದ್ಧಪಡಿಸುವವರು ಇದನ್ನು ಗಮನಿಸಬೇಕು.

ಇಷ್ಟಾದರೂ ಕೋಷ್ಟಕಕಾರರಿಗಿಂತ ಹೆಚ್ಚಿನ ಹೊಣೆ ಪಾಠವನ್ನು ಬೆರಳಚ್ಚಿಸುವವರದು. ಕೀಲಿಮಣೆಯಲ್ಲಿ ಸುಲಭವಾಗಿ ಸಿಗದೆಂಬ ಕಾರಣಕ್ಕೆ ೞಕಾರವಿದ್ದೆಡೆಯಲ್ಲೆಲ್ಲ ಳಕಾರವನ್ನು ಒತ್ತುವುದು ಕ್ಷಮ್ಯವಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸೊನ್ನೆ, ಸಿ, ಡಿ, ಇ ಎಂಬ ನಾಲ್ಕನ್ನು ಒತ್ತಿ, ಆಲ್ಟ್ ಕೀಲಿಯೊಡನೆ ಎಕ್ಸ್ ಒತ್ತಿದರೆ ಅಕ್ಷರ ಮೂಡುತ್ತದೆ; ಒಮ್ಮೆ ಮೂಡಿದುದನ್ನು ನಕಲುಮಾಡಿ ಬಳಸಲು ಶ್ರಮವೇನೂ ಇಲ್ಲ.

ಇಲ್ಲಿ ಹಾನಿಯಾಗುವುದು ಅರ್ಥಕ್ಕೆ ಮಾತ್ರವೆಂದು ತಿಳಿಯಲಾಗದು. ಉಚ್ಚಾರದಲ್ಲಿ ಭೇದವಳಿದ ಕಾಲದ ಲಿಪಿಕಾರರು ಬಾೞ್ ಇರಬೇಕಾದಲ್ಲಿ ಬಾಳ್ ಎಂದು ಬರೆದರು. ಕೆಲವೊಮ್ಮೆ ಪ್ರಾಚೀನತೆಯ ವ್ಯಾಮೋಹದಿಂದ ಸಲ್ಲದೆಡೆಯಲ್ಲಿಯೂ ೞಕಾರವನ್ನಿಟ್ಟರು. ಎೞ್ದು ಎಂಬುದು ಎರ್ದು ಆಗಿ, ಎದ್ದು ಆಯಿತು. ಈ ಮೂರರಲ್ಲಿ ಯಾವುದು ಓಲೆಯಲ್ಲಿದೆಯೆಂಬುದು ಪ್ರತಿಯ ಕಾಲವನ್ನೂ ಮಾತೃಕೆಯ ಸಂಬಂಧವನ್ನೂ ನಿರ್ಣಯಿಸಲು ನೆರವಾಗುವ ಸಾಕ್ಷ್ಯ. ಗಣಕದ ಪಾಠದಲ್ಲಿ ಎಲ್ಲವೂ ಳಕಾರವಾದ ಮೇಲೆ, ಅದು ಲಿಪಿಕಾರನ ಕೈಯೋ ಬೆರಳಚ್ಚುಗಾರನ ಕೈಯೋ ಎಂದು ತಿಳಿಯಲು ಮತ್ತೆ ಓಲೆಯನ್ನೇ ಬಿಚ್ಚಬೇಕಾಗುತ್ತದೆ. ಸಂಪಾದಕರು ಓಲೆಯಲ್ಲಿದ್ದಂತೆಯೇ ಅಕ್ಷರವನ್ನು ಏರಿಸಿ, ತಮ್ಮ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ತೋರಿಸುವುದು ಯುಕ್ತ. ಇದೇ ಮಾತು ಱಕಾರಕ್ಕೂ ಅನ್ವಯಿಸುತ್ತದೆ. ಅದು 3249 ಎಂಬ ತನ್ನ ಮನೆಯಲ್ಲಿಯೇ ಇರುವುದರಿಂದ ಅಲ್ಲಿ ಕೋಷ್ಟಕವನ್ನು ದೂರಲೂ ಅವಕಾಶವಿಲ್ಲ.