ಅಕ್ಕಸಾಲಿಗನ ಮಗಳ ಕಿಸ್ಸಾ

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಹೋದರೆ, ಹಾಳುಬಿದ್ದ ಕೋಟೆಯ ಕಂದಕದ ಜೊತೆಗೆ ಒಂದು ಕಿಸ್ಸಾವೂ ಎದುರಾಗುತ್ತದೆ. ಇಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ವಿಜಯನಗರದ ದೇವರಾಯನೂ ಬಹಮನಿ ಫಿರೋಜ್ ಶಾಹನೂ ಕಾದಾಡಿದರಂತೆ. ಕೇಳಿದವರು ತಮ್ಮ ತಮ್ಮ ಮರ್ಜಿಯಂತೆ ಒಬ್ಬ ದೊರೆಯನ್ನು ಬೈಯುತ್ತಾರೆ. ಕಥೆ ಹೇಳಿದವನನ್ನು ವಿಚಾರಿಸುವವರು ಕಡಿಮೆ.

ಹೇಳಿದವನು ಫರಿಶ್ತಾ. ಯುದ್ಧವಾಗಿ 200 ವರ್ಷಗಳ ಮೇಲೆ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಪಾರ್ಸಿಯಲ್ಲಿ ಬರೆದವನು. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಚರಿತ್ರೆ ಬರೆಯುವಾಗ ಇದನ್ನು ಎತ್ತಿಕೊಂಡ.

ಫರಿಶ್ತಾ ಕಸುಬು ಬಲ್ಲವನು, ಕಥೆ ಬರೆಯುವ ನಾವು ಅದನ್ನು ಒಪ್ಪಬೇಕು. ಕಾಶಿಯಿಂದ ಮರಳಿದ ಬ್ರಾಹ್ಮಣನೊಬ್ಬ ಹುಡುಗಿಯ ಸುದ್ದಿಯನ್ನು ರಾಯನ ಕಿವಿಗೆ ಹಾಕುತ್ತಾನೆ. ರಾಯ ಕಾಣಿಕೆ ಕಳಿಸುತ್ತಾನೆ, ಹೆತ್ತವರು ಹಿಗ್ಗುತ್ತಾರೆ, ಹುಡುಗಿ ಒಲ್ಲೆ ಎನ್ನುತ್ತಾಳೆ. ರಾಯನ ಅಂತಃಪುರ ಸೇರಿದವಳು ಮತ್ತೆ ತಂದೆತಾಯಿಯ ಮುಖ ಕಾಣುವಂತಿಲ್ಲ ಎಂಬುದು ಅವಳ ಕಾರಣ. ಯಾವ ಮನೆಯ ಮಗಳಾದರೂ ಆಡುವ ಮಾತು. ಆದರೆ ಮುಂದೆ, ತಾನು ಇಸ್ಲಾಮಿಗೆ ಸೇರುವವಳೆಂದು ಬಹಳ ದಿನದಿಂದ ಅನಿಸಿತ್ತೆಂದೂ ಅವಳಿಂದ ಹೇಳಿಸುತ್ತಾನೆ. ಅಲ್ಲಿಗೆ ಹುಡುಗಿಯ ದನಿ ನಿಂತು ದರ್ಬಾರಿನ ದನಿ ಶುರುವಾಯಿತು. ನಮ್ಮವನು ಬರೆದದ್ದೆಂದು ಇದನ್ನು ನಾವು ಮಾಫು ಮಾಡಿದರೆ, ಇನ್ನೊಬ್ಬರು ಬರೆದ ಚರಿತ್ರೆಯ ಹುಳುಕು ತೋರಿಸುವ ಮುಖ ನಮಗೆಲ್ಲಿದೆ?

ರಾಯನ ದಂಡು ಬರುವ ಮೊದಲೇ ಅವಳ ಮನೆಯವರು ಓಡಿಹೋಗಿದ್ದರು. ದಂಡು ಸೀಮೆಯನ್ನು ಲೂಟಿ ಮಾಡಿತು. ಕೊನೆಗೆ ಗೆದ್ದ ಫಿರೋಜ್ ರಾಯನ ಮಗಳನ್ನು ಮದುವೆಯಾದ, ಬಂಕಾಪುರದ ಕೋಟೆ ಬಳುವಳಿಯಾಗಿ ಬಂತು. ಅಕ್ಕಸಾಲಿಗನ ಮಗಳನ್ನು ಕರೆಸಿ ತನ್ನ ಮಗ ಹಸನ್ ಖಾನನಿಗೆ ಕೊಟ್ಟ. ರಾಯನಿಗೆ ಒಲ್ಲೆ ಎಂದವಳು ಈಗ ಏನೆಂದಳು? ಇಷ್ಟು ಮಾತುಗಾರ ಫರಿಶ್ತಾ ಇಲ್ಲಿ ಅವಳಿಗೆ ಬಾಯಿ ಕೊಡುವುದಿಲ್ಲ.

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಅವಳು ಹುಟ್ಟುವ ಮೊದಲೂ ಕಾದಾಟವಿತ್ತು, 1565ರವರೆಗೂ ನಿಲ್ಲಲಿಲ್ಲ. ರಾಯಚೂರು, ಮುದಗಲ್ಲು ಕೋಟೆ ಹಿಡಿದವನಿಗೇ ನೆಲ. ಆ ಲೆಕ್ಕ ಬಿಟ್ಟು ಹೆಣ್ಣಿನ ನೆಪ ಹೇಳುವುದು ಸಲೀಸು.

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಅಶೋಕನ ಹೆಸರು ನಿಚ್ಚಳವಾಗಿತ್ತು. ಮುದಗಲ್ಲಿನ ಈ ಹುಡುಗಿಯಾದರೋ ಒಬ್ಬ ಅನುವಾದಕನಲ್ಲಿ ಪರ್ತಾಲ್, ಇನ್ನೊಬ್ಬನಲ್ಲಿ ನೆಹಾಲ್. ನುಕ್ತೆಗಳ ಲಿಪಿ ಕಲಿತ ನಮಗೆ ಗೊತ್ತು, ಹೆಸರು ಜಾರಲು ಅಷ್ಟು ಸಾಕು.